ಬೋರಲಾಗಿದ್ದ ಹರಿಗೋಲು

ನಾನು ಆಳಂದದ ಕಡೆಯವನು. ಬೇಸಿಗೆಯಲ್ಲಿ ಮೊಳಕಾಲು ಮುಳುಗದ ಅಮರ್ಜಾ ಹೊಳೆಯನ್ನು ದಾಟುತ್ತ ಬೆಳೆದ ನನಗೆ ದೋಣಿಯೆಂಬುದು ಪಠ್ಯಪುಸ್ತಕದ ಚಿತ್ರವಷ್ಟೇ ಆಗಿತ್ತು. ಅದೇ ಅಮರ್ಜಾ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ನಾನೂ 1978ರಲ್ಲಿ ಭೀಮೆಯ ದಂಡೆಯನ್ನು ಸೇರಿದೆ. ಅಫಜಲಪುರ ತಾಲ್ಲೂಕಿನ ಹೊಳೆಸಾಲಿನ ಒಂದೂರಿನ ಪ್ರೌಢಶಾಲೆಯಲ್ಲಿ ನನ್ನ ಶಿಕ್ಷಕ ವೃತ್ತಿ ಆರಂಭವಾಯಿತು.

ಹೊಳೆಯ ಆಚೆ ದಡ ಬಿಜಾಪುರ ಜಿಲ್ಲೆ. ಅಲ್ಲಿಂದ ಹನ್ನೆರಡು ಮಕ್ಕಳು ನಿತ್ಯವೂ ಹರಿಗೋಲಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದರು. ಅವರನ್ನು ದಾಟಿಸುತ್ತಿದ್ದುದು ನಮ್ಮೂರ ಅಂಬಿಗರ ಒಂದು ಕುಟುಂಬ. ತಂದೆ, ತಾಯಿ, ಮುದುಕಿಯಾದ ಅಜ್ಜಿ, ಇಬ್ಬರು ಗಂಡುಮಕ್ಕಳು. ಅವರಿಗೆ ದಂಡೆಯ ಮೇಲೊಂದು ಗುಡಿಸಲಿತ್ತಾದರೂ ಮಳೆಗಾಲ ಹಿಡಿದು ದೀಪಾವಳಿಯವರೆಗೆ ಅವರ ಸಂಸಾರ ಸಾಗುತ್ತಿದ್ದುದು ಹರಿಗೋಲಿನಲ್ಲಿಯೇ. ರೊಟ್ಟಿಯ ಗಂಟು ಅಲ್ಲಿಯೇ ಬಿಚ್ಚುತ್ತಿತ್ತು. ಕಿರಿಯ ಮಗ ಗೋಣಿಚೀಲದ ಮೇಲೆ ಅಲ್ಲಿಯೇ ನಿದ್ರಿಸುತ್ತಿದ್ದ. ತಂದೆ ಬಲೆ ಬೀಸಲು ಹೋದಾಗ ತಾಯಿಯೇ ಹುಟ್ಟು ಹಾಕುತ್ತಿದ್ದಳು. ದಾಟಿಸಿದ್ದಕ್ಕೆ ಊರವರು ಸುಗ್ಗಿಯಲ್ಲಿ ಜೋಳ ಅಳೆಯುತ್ತಿದ್ದರು. ಶಾಲೆಯ ಮಕ್ಕಳಿಂದ ಅವರು ಏನನ್ನೂ ಪಡೆಯುತ್ತಿರಲಿಲ್ಲ.

ಹರಿಗೋಲಿಗೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಮುಂದು ಹಿಂದೆಂಬುದೂ ಇಲ್ಲ. ಬಿದಿರಿನ ದಬ್ಬೆಗಳಿಂದ ಹೆಣೆದ ದೊಡ್ಡದೊಂದು ದುಂಡನೆಯ ಬುಟ್ಟಿಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಹೆಣಿಗೆ, ಹೊರಗೆ ತೊಗಲು. ನಾನು ಕಂಡ ಹರಿಗೋಲಿನಲ್ಲಿ ತೊಗಲಿನ ಸ್ಥಾನಕ್ಕೆ ಗೋಣಿತಟ್ಟು ಮತ್ತು ಡಾಂಬರು ಬಂದಿದ್ದವು. ಉಳಿದಂತೆ ಅದು ಪಾಯೆಸ್ ಕಂಡ ದೋಣಿಯೇ.

ಇಂಥ ದೋಣಿಗೆ ಆಯುಷ್ಯ ಕಡಿಮೆ, ಆರೈಕೆ ಹೆಚ್ಚು. ಬಿಸಿಲಿಗೆ ಡಾಂಬರು ಬಿರಿಯುತ್ತದೆ, ನೀರಿಗೆ ದಬ್ಬೆ ಕೊಳೆಯುತ್ತದೆ, ದಂಡೆಯ ಕಲ್ಲು ತಾಗಿ ತಳ ಹರಿಯುತ್ತದೆ. ಬೇಸಿಗೆಯಲ್ಲಿ ಎಷ್ಟೇ ಗಟ್ಟಿಮಾಡಿಕೊಂಡರೂ ಮಳೆಗಾಲದ ನಡುವೆ ಒಂದೆರಡು ಸಲ ದುರಸ್ತಿ ತಪ್ಪದು. ಅದಕ್ಕೆ ದಿನ ಗೊತ್ತುಮಾಡುವಂತೆಯೂ ಇಲ್ಲ. ಭೀಮೆ ಹುಟ್ಟುವುದು ದೂರದ ಸಹ್ಯಾದ್ರಿಯ ಭೀಮಾಶಂಕರದಲ್ಲಿ. ನಮ್ಮ ಮುಗಿಲು ಬತ್ತಿದ್ದರೂ ಅಲ್ಲಿ ಮಳೆ ಸುರಿದರೆ ಇಲ್ಲಿ ಹೊಳೆ ಏರುತ್ತದೆ. ಒಂದು ಏರಿಗೂ ಮತ್ತೊಂದು ಏರಿಗೂ ನಡುವೆ ಹೊಳವಾದ ದಿನಗಳಲ್ಲಿಯೇ ಕೆಲಸ ಮುಗಿಯಬೇಕು.

ಇದೊಂದೂ ನನಗೆ ಆಗ ತಿಳಿದಿರಲಿಲ್ಲ. 1980ರ ಜುಲೈ ತಿಂಗಳಲ್ಲಿ ಅಂಬಿಗರ ಹಿರಿಯ ಮಗ, ನನ್ನ ಎಂಟನೆಯ ತರಗತಿಯ ಹುಡುಗ, ಸತತ ಮೂರು ದಿನ ಶಾಲೆಗೆ ಬರಲಿಲ್ಲ. ಆಚೆ ದಡದ ಮಕ್ಕಳೂ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹನ್ನೆರಡು ಹೆಸರುಗಳ ಮುಂದೆ, ದೋಣಿಯಿಲ್ಲವೆಂಬ ಕಾರಣಕ್ಕೆ, ರಜೆಯೆಂದು ಬರೆದೆ. ಈಚೆ ದಡದಲ್ಲಿಯೇ ಇದ್ದೂ ಬಾರದ ಅವನಿಗೆ ಮಾತ್ರ ಗೈರುಹಾಜರಿ ಹಾಕಿದೆ. ಮೂರನೆಯ ದಿನ ಸಂಜೆ ಸಿಟ್ಟಿನಿಂದಲೇ ಹೊಳೆಯ ಕಡೆ ನಡೆದೆ.

ಹರಿಗೋಲು ದಂಡೆಯ ಮೇಲೆ ಬೋರಲಾಗಿತ್ತು. ಮನೆಮಂದಿಯೆಲ್ಲ ಅದರ ಸುತ್ತ ಕುಳಿತಿದ್ದರು. ತಂದೆ ಕೊಳೆತ ದಬ್ಬೆ ಕಿತ್ತು ಹೊಸದನ್ನು ಹೆಣೆಯುತ್ತಿದ್ದ. ಅಜ್ಜಿ ದಬ್ಬಣದಿಂದ ತಟ್ಟು ಹೊಲಿಯುತ್ತಿದ್ದಳು. ತಾಯಿ ಮೂರು ಕಲ್ಲಿನ ಒಲೆಯ ಮೇಲೆ ಡಾಂಬರು ಕಾಸುತ್ತಿದ್ದಳು. ಹುಡುಗ ಮೊಳಕೈವರೆಗೆ ಕಪ್ಪಾಗಿ, ಕಾದ ಡಾಂಬರನ್ನು ತಳಕ್ಕೆ ಬಳಿಯುತ್ತಿದ್ದ. ನನ್ನನ್ನು ಕಂಡೊಡನೆ ಎದ್ದು ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಸಾಲಿ ಬಿಡಿಸಿ ಕೆಲಸಕ್ಕ ಹಚ್ಚೀಯಲ್ಲ, ಇವನ ಗತಿ ಏನು?" ಎಂದು ತಂದೆಯನ್ನು ಗದರಿಸಿದೆ.

ಅವನು ಉಳಿ ಕೆಳಗಿಟ್ಟು ಮೆಲ್ಲನೆ ಹೇಳಿದ: "ಮಾಸ್ತರ್ರೇ, ನಾಳಿಗಿ ಹೊಳಿ ಏರತದ್ರಿ. ಇವತ್ತ ಮುಗಿಲಿಲ್ಲಂದ್ರ ಅರ್ಧಾ ಹಚ್ಚಿದ ಹರಗೋಲ ನೀರಿಗಿ ಬಿಡಬೇಕು. ಅದರಾಗ ಕೂಡೋರು ನಿಮ್ಮ ಮಕ್ಕಳೇ ಅಲ್ಲೇನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ದೋಣಿಯಿಲ್ಲದ ಹನ್ನೆರಡು ಮಕ್ಕಳಿಗೆ ವಿನಾಯಿತಿ ಕೊಟ್ಟಿದ್ದೆ. ಅವರಿಗಾಗಿ ದೋಣಿ ಸಿದ್ಧಪಡಿಸುತ್ತಿದ್ದ ಒಬ್ಬನನ್ನು ತಪ್ಪಿತಸ್ಥನನ್ನಾಗಿಸಿದ್ದೆ. ದಾಟಿಸುವುದು ಮಾತ್ರ ದುಡಿಮೆ, ದುರಸ್ತಿಯೆಂಬುದು ಬಿಡುವಿನ ಕೆಲಸ ಎಂದು ತಿಳಿದಿದ್ದು ನನ್ನ ಅಜ್ಞಾನ. ಅವರ ಪಾಲಿಗೆ ಅದು ದುಡಿಮೆಯ ಅರ್ಧಭಾಗವಾಗಿತ್ತು. ಆ ಅರ್ಧಕ್ಕೆ ಯಾರೂ ಜೋಳ ಅಳೆಯುತ್ತಿರಲಿಲ್ಲ.

ಮರುದಿನ ಮಕ್ಕಳೆಲ್ಲ ಬಂದರು. ಹಾಜರಿ ಪುಸ್ತಕವನ್ನು ತಿದ್ದುವ ಧೈರ್ಯ ನನಗಾಗಲಿಲ್ಲ. ಹೊಸ ಶಿಕ್ಷಕ, ಕೆಂಪು ಶಾಯಿಯ ಭಯ. ಆದರೆ ಆ ವರ್ಷದಿಂದ ಹರಿಗೋಲು ಬೋರಲಾದ ಸಂಜೆಗಳಲ್ಲಿ ಪಾಟಿ ಹಿಡಿದು ನಾನೇ ದಂಡೆಗೆ ಹೋಗತೊಡಗಿದೆ. ಡಾಂಬರು ಆರುವಷ್ಟು ಹೊತ್ತಿನಲ್ಲಿ ಲೆಕ್ಕಗಳು ಮುಗಿಯುತ್ತಿದ್ದವು. ವೃತ್ತದ ಪರಿಧಿಯನ್ನು ಹರಿಗೋಲಿನ ಅಂಚಿಗೆ ಹಗ್ಗ ಸುತ್ತಿ ಅಳೆದು ಕಲಿಸಿದ್ದು ಅಲ್ಲಿಯೇ. ಹುಡುಗ ಎರಡನೆಯ ಸಲಕ್ಕೆ ಎಸ್.ಎಸ್.ಎಲ್.ಸಿ. ಪಾಸಾದ. ಹುಟ್ಟು ತಮ್ಮನ ಕೈಗೆ ಹೋಯಿತು.

ನನಗೆ ಮುಂದೆ ಜೇವರ್ಗಿಗೆ ವರ್ಗವಾಯಿತು. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಬಸ್ಸು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ಕ್ಷಣಾರ್ಧದಲ್ಲಿ ದಾಟಿಬಿಡುತ್ತದೆ. ಕೆಳಗೆ ನೀರಿದೆಯೆಂಬುದೂ ಪ್ರಯಾಣಿಕರ ಗಮನಕ್ಕೆ ಬಾರದು. ಸೇತುವೆ ಬೇಡವಾಗಿತ್ತೆಂದು ನಾನು ಹೇಳಲಾರೆ. ತುಂಬಿದ ಹೊಳೆಯ ನಡುವೆ ಗಿರ್ರನೆ ತಿರುಗುವ ಹರಿಗೋಲಿನಲ್ಲಿ ಮಕ್ಕಳನ್ನು ಕೂರಿಸಿ ದಡದಲ್ಲಿ ಕಾದವರಿಗೆ ಸೇತುವೆಯ ಬೆಲೆ ಗೊತ್ತು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದಾಗ, ದೋಣಿಗಳಲ್ಲಿ ಜನರನ್ನು ಸಾಗಿಸುವುದನ್ನು ದೂರದರ್ಶನದಲ್ಲಿ ನೋಡುತ್ತ ಕುಳಿತಿದ್ದೆ. ದೋಣಿ ನಡೆಸುತ್ತಿದ್ದವರ ಸಾಹಸವನ್ನು ಮನೆಯವರೆಲ್ಲ ಹೊಗಳಿದರು. ನನ್ನ ಕಣ್ಣು ಮಾತ್ರ ದೋಣಿಗಳ ತಳವನ್ನು ಅರಸುತ್ತಿತ್ತು. ಬೆನ್ನ ಹಿಂದೆ ಅಡಗಿಸಿದ ಎರಡು ಕಪ್ಪು ಕೈಗಳು ನೆನಪಾಗುತ್ತಿದ್ದವು.