ಅಲ್ಲಾಡಬೇಡಿ!

"ಅಲ್ಲಾಡಬೇಡಿ" ಎಂದಳು ನಮ್ಮಾಕೆ.

ನಾನು ಅಲ್ಲಾಡಿರಲಿಲ್ಲ. ಮೂಗಿನ ಮೇಲೆ ನೊಣವೊಂದು ಕುಳಿತಿತ್ತು; ಅಲ್ಲಾಡಿದ್ದು ಅದು. ಮೂವತ್ತೈದು ವರ್ಷ ಹೈಸ್ಕೂಲಿನ ಹುಡುಗರಿಗೆ ನಾನು ಹೇಳುತ್ತಿದ್ದ ಮಾತನ್ನು ಈ ವಯಸ್ಸಿನಲ್ಲಿ ನಾನೇ ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ನಗು ಬಂತು.

"ನಗಲೂ ಬೇಡಿ" ಎಂದಳು.

ನಗುವುದು ನನಗೆ ಈಗ ಸ್ವಲ್ಪ ಎಚ್ಚರದ ಕೆಲಸವೇ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದಾಗ ನೀರು ತಾನಾಗಿ ಬಲಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಮುಖದ ಅರ್ಧ ನನ್ನದು, ಇನ್ನರ್ಧ ಯಾರದೋ. ಬಲಗಣ್ಣು ಮುಚ್ಚದು, ಹುಬ್ಬು ಏರದು, ತುಟಿ ಎಡಕ್ಕೆ ಎಳೆದುಕೊಂಡಿದೆ. ನಮ್ಮ ಮಧುರೆಯಲ್ಲಿ ಇಂಥದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಶನಿಮಹಾತ್ಮನ ದೇವಸ್ಥಾನ ಇಲ್ಲಿಯೇ ಇದೆ. ಎಳ್ಳೆಣ್ಣೆ ದೀಪ ಹಚ್ಚಿಸಿ ಎಂದು ನೆರೆಯವರು ಹೇಳಿದರು. ನಮ್ಮಾಕೆ ದೀಪವನ್ನೂ ಹಚ್ಚಿದಳು, ನನ್ನನ್ನು ದೊಡ್ಡಬಳ್ಳಾಪುರದ ಡಾಕ್ಟರ ಬಳಿಗೂ ಎಳೆದೊಯ್ದಳು. ಅವರು, ಇದು ಲಕ್ವವಲ್ಲ, ಮುಖವನ್ನು ಆಡಿಸುವ ನರ ಊದಿಕೊಂಡಿದೆ, ಬೆಲ್ಸ್ ಪಾಲ್ಸಿ ಎನ್ನುತ್ತಾರೆ ಎಂದರು. ಬಹಳ ಮಂದಿಗೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ವಾಸಿಯಾಗುತ್ತದಂತೆ. ಕೆಲವರಿಗೆ ಸ್ವಲ್ಪ ಉಳಿಯುತ್ತದಂತೆ. ನಾನು ಆ ಕೆಲವರ ಪೈಕಿ.

ಮೊಮ್ಮಗನ ನಾಮಕರಣದಲ್ಲಿ ಫೋಟೋ ತೆಗೆಯುವವನು ನಮ್ಮ ಕಡೆಗೆ ತಿರುಗಿದಾಗಲೆಲ್ಲ ನನಗೆ ಬಾಯಾರಿಕೆಯಾಗಿ ನೀರು ಕುಡಿಯಲು ಒಳಗೆ ಹೋದೆ. ಮೂರನೆಯ ಸಲ ನಮ್ಮಾಕೆ ನೋಡಿದಳು. ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಮಾತ್ರ, "ನಾನು ಚಿತ್ರ ಬರೆಯುವುದು ಕಲಿಯಬೇಕು, ಬೆಂಗಳೂರಿಗೆ ನೀವೂ ಜೊತೆಗೆ ಬನ್ನಿ" ಎಂದಳು.

ತರಗತಿ ಶನಿವಾರ. ಬೆಂಗಳೂರಿನ ಜನ ಬಸ್ಸು ತುಂಬಿಕೊಂಡು ನಮ್ಮೂರಿನ ದೇವರಿಗೆ ಬರುವ ದಿನ, ನಾವಿಬ್ಬರು ಖಾಲಿ ಬಸ್ಸಿನಲ್ಲಿ ನೆಲಮಂಗಲದ ಮೇಲೆ ಬೆಂಗಳೂರಿಗೆ! "ಏನು ಮೇಷ್ಟ್ರೇ, ಶನಿವಾರ ಊರು ಬಿಟ್ಟು?" ಎಂದು ಕೇಳಿದವರಿಗೆ ಕಣ್ಣು ತೋರಿಸಲು ಎಂದೆ. ಪೂರ್ತಿ ಸುಳ್ಳೇನಲ್ಲ.

ಚಿತ್ರದ ತರಗತಿ ದಂಡಿನ ಒಂದು ಹಳೆಯ ಬಂಗಲೆಯ ಮಹಡಿಯ ಮೇಲೆ. ಕೆಳಗಿನ ಹಜಾರದಲ್ಲಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ವೃದ್ಧ ಆಂಗ್ಲೋ-ಇಂಡಿಯನ್ ಮಹಿಳೆಯೊಬ್ಬರು ಬಾಲ್‌ರೂಂ ನೃತ್ಯ ಹೇಳಿಕೊಡುತ್ತಿದ್ದರು. ಬೆಂಚಿನ ಮೇಲೆ ಕಾಯುತ್ತಿದ್ದ ನನ್ನನ್ನು ಎರಡು ವಾರ ನೋಡಿ, ಮೂರನೆಯ ವಾರ ಮಹಡಿಯಿಂದ ಇಳಿದ ನಮ್ಮಾಕೆಯನ್ನೂ ಹಿಡಿದು ಇಬ್ಬರನ್ನೂ ನಿಲ್ಲಿಸಿಯೇಬಿಟ್ಟರು. ವಾಲ್ಟ್ಸ್! ಮೊಮ್ಮಗನಿರುವ ಮುದುಕ, ಮಡಿಹೆಂಗಸಿನ ಸೊಸೆಯಾಗಿ ಮನೆಗೆ ಬಂದವಳ ಸೊಂಟದ ಮೇಲೆ ಕೈಯಿಟ್ಟುಕೊಂಡು ಸುತ್ತುವುದೇ? ಸೊಂಟವಲ್ಲವಂತೆ, ಬೆನ್ನಿನ ಎಲುಬು. ಇಷ್ಟಕ್ಕೂ ನಾವೇ ನಾಚಬೇಕಾಗಿಲ್ಲ. 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯೇ ಈ ನೃತ್ಯವನ್ನು ಅಸಭ್ಯವೆಂದು ಬೈದಿತ್ತು. ನಮ್ಮಲ್ಲೂ ಧೈರ್ಯ ಮಾಡಿದವರಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಯು. ಎಸ್. ಕೃಷ್ಣರಾವ್ ತಮ್ಮ ಪತ್ನಿ ಚಂದ್ರಭಾಗಾದೇವಿಯವರೊಡನೆ ಭರತನಾಟ್ಯ ಆಡಿದರು. 1942ರಲ್ಲಿ 'ಮಹಾಮಾಯಾ' ಎಂಬ ನೃತ್ಯಶಾಲೆಯನ್ನೂ ತೆರೆದರು. ಅವರು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರು, ನಾನು ಬೆಂಚಿನ ಮೇಲಿಂದ ಎದ್ದವನು ಎಂಬ ವ್ಯತ್ಯಾಸ ಇದ್ದೇ ಇದೆ.

ನಾನು ಎಡಗಾಲು ಮುಂದಿಡಬೇಕು, ಆಕೆ ಬಲಗಾಲು ಹಿಂದಿಡಬೇಕು. ಹಿಂದೆ ಗೋಡೆಯಿದೆಯೋ ಕುರ್ಚಿಯಿದೆಯೋ ಅವಳಿಗೆ ಕಾಣದು, ನೋಡಿಕೊಳ್ಳಬೇಕಾದವನು ನಾನು. ಮೊದಲ ದಿನ ಕುರ್ಚಿಗೆ ಕರೆದೊಯ್ದು ಬಡಿದೆ. ಲೆಕ್ಕ ನನಗೆ ಹತ್ತಲಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಹೇಳಿಸಿಕೊಂಡಿದ್ದ ನಮ್ಮಾಕೆ, "ತಿಶ್ರ ನಡೆ ಕಣ್ರೀ, ತಕಿಟ ತಕಿಟ ಅಂದುಕೊಳ್ಳಿ" ಎಂದಳು. ಅಲ್ಲಿಂದ ಕಾಲು ಬಂತು. ಇನ್ನೊಂದು ತೊಂದರೆ ಉಳಿಯಿತು. ಜೋಡಿಯ ಇಬ್ಬರೂ ತಂತಮ್ಮ ಎಡಕ್ಕೆ, ಎದುರಿನವರ ಭುಜದಾಚೆ ನೋಡಬೇಕು. ನಾನು ಎಡಕ್ಕೆ ನೋಡಿದರೆ ಬಲಗೆನ್ನೆ ನೇರ ಆಕೆಯ ಕಡೆಗೆ. ಎರಡು ವರ್ಷ ಊಟಕ್ಕೆ ಕೂಡುವಾಗಲೂ ಅವಳನ್ನು ಎಡಗಡೆಯೇ ಕೂಡಿಸಿಕೊಂಡಿದ್ದವನು ನಾನು. ಆದರೆ ಆಕೆಯೂ ತನ್ನ ಎಡಕ್ಕೇ ನೋಡುತ್ತಿದ್ದಳು, ಆ ಧೈರ್ಯದ ಮೇಲೆ ನಡೆಯಿತು.

ಚಿತ್ರದಲ್ಲಿ ಆ ಅನುಕೂಲವಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಒಂದು ಮುಖ ಬೇಕೆಂದಳು. ಗೋಡೆಯ ಮೇಲಿನ ದೇವರನ್ನು ಬರಿ ಎಂದೆ. ಅವಳು ರೋರಿಕ್ಕರ ಕಥೆ ತೆಗೆದಳು. ಸ್ವೆತೊಸ್ಲಾವ್ ರೋರಿಕ್ ರಷ್ಯದಲ್ಲಿ ಹುಟ್ಟಿದವರು. 1945ರಲ್ಲಿ ಸಿನಿಮಾ ತಾರೆ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ನೆಲೆಸಿ, ಹೆಂಡತಿಯ ಮುಖವನ್ನು ಮತ್ತೆ ಮತ್ತೆ ಬರೆದರು. 1993ರಲ್ಲಿ ಅವರು ಹೋದರು, ಮರುವರ್ಷವೇ ಆಕೆಯೂ ಹೋದರು.

"ದೇವಿಕಾರಾಣಿಯ ಮುಖವೆಲ್ಲಿ, ನನ್ನದೆಲ್ಲಿ?" ಎಂದೆ.

"ಮನೆಯಲ್ಲಿರುವುದನ್ನು ತಾನೆ ಅವರೂ ಬರೆದದ್ದು?" ಎಂದಳು.

ಕುಳಿತೆ. ಪೆನ್ಸಿಲನ್ನು ತೋಳಳತೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದಳು. ಮೊದಲನೆಯ ಚಿತ್ರದಲ್ಲಿ ಕಣ್ಣುಗಳು ಹಣೆಯ ಮೇಲೆ ಹೋಗಿ ಕುಳಿತವು. ಕಲಿಯುವವರೆಲ್ಲ ಮಾಡುವ ತಪ್ಪಂತೆ ಅದು, ಕಣ್ಣಿರುವುದು ನೆತ್ತಿಗೂ ಗಲ್ಲಕ್ಕೂ ಸರಿಮಧ್ಯದಲ್ಲಿ. ನಾಲ್ಕನೆಯದು ನನ್ನಂತೆಯೇ ಇತ್ತು. ಬಲಗಡೆಗೆ ಮಾತ್ರ ಇದ್ದಿಲು ಉಜ್ಜಿ ನೆರಳು ಮಾಡಿದ್ದಳು. ಚೆನ್ನಾಗಿಯೇ ಕಂಡಿತು. ಹತ್ತು ವರ್ಷದ ಹಿಂದಿನ ನಾನು.

ಆ ರಾತ್ರಿ ನಾನು ಓದುತ್ತಿದ್ದ ಪುಸ್ತಕದಲ್ಲಿ ಒಂದು ಸಂಗತಿ ಸಿಕ್ಕಿತು. ನನ್ನ ಕಾಯಿಲೆಗೆ ಹೆಸರು ಕೊಟ್ಟ ಚಾರ್ಲ್ಸ್ ಬೆಲ್ ಸ್ಕಾಟ್ಲೆಂಡಿನ ಶಸ್ತ್ರವೈದ್ಯ, ಸ್ವತಃ ಚಿತ್ರಗಾರ. ಮುಖದ ಭಾವಗಳನ್ನು ಯಾವ ಸ್ನಾಯು ಹೇಗೆ ಮೂಡಿಸುತ್ತದೆಂದು 1806ರಲ್ಲಿ ಚಿತ್ರಗಾರರಿಗಾಗಿಯೇ ಪುಸ್ತಕ ಬರೆದವನು. ಇಂಥ ಮುಖವನ್ನು ಎದುರಿಗೆ ಕೂಡಿಸಿಕೊಂಡು ಅವನು ನೆರಳು ಉಜ್ಜುತ್ತಿದ್ದನೇ? ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೇಳಿದೆ:

"ಬಲಗಡೆ ಯಾಕೆ ಅಷ್ಟು ಕಪ್ಪು?"

ಅವಳು ಲೋಟ ಕೆಳಗಿಟ್ಟಳು. "ನಿಮಗೆ ಬೇಜಾರಾಗುತ್ತೇಂತ" ಎಂದಳು.

"ಅಳಿಸಿಬಿಡು. ಇದ್ದ ಹಾಗೆ ಬರಿ."

ಹೊಸ ಹಾಳೆ ತಂದಳು. ಕುರ್ಚಿಯನ್ನು ನಾನೇ ಕಿಟಕಿಯ ಕಡೆಗೆ ತಿರುಗಿಸಿಕೊಂಡೆ. ತುಟಿಯ ಮೂಲೆಗೆ ಬಂದಾಗ ಅವಳ ಕೈ ಬಹಳ ಹೊತ್ತು ನಿಂತಿತು. ಕಣ್ಣು ಒರೆಸಿಕೊಂಡಳೋ, ಇದ್ದಿಲ ಪುಡಿ ಬಿದ್ದಿತೋ, ತಿರುಗಿ ನೋಡುವ ಹಾಗಿರಲಿಲ್ಲ. ಆಮೇಲೆ ಬರೆದಳು.

ಕಿವಿ ಇನ್ನೂ ಸರಿಯಾಗಿ ಕೂತಿಲ್ಲವಂತೆ. ನಾಳೆ ಏಳು ಗಂಟೆಗೆ ಮತ್ತೆ ಕೂಡಬೇಕು. ಬಿಸಿಲು ಆ ಹೊತ್ತಿಗೆ ಬಲಗೆನ್ನೆಯ ಮೇಲೆ ನೇರ ಬೀಳುತ್ತದೆ.