ಎಟ್ಟೇನಾಲಿನಿಂದ ಆಕಾಶಕ್ಕೆ ಎಷ್ಟು ದೂರ?

ಮಾನಂತವಾಡಿಯಿಂದ ಕುಟ್ಯಾಡಿ ಘಾಟಿಯ ಕಡೆಗೆ ಸಾಗುವ ರಸ್ತೆಯಲ್ಲಿ ಊರ ಹೆಸರುಗಳೇ ಮೈಲಿಗಲ್ಲುಗಳು. ನಾಲಾಂ ಮೈಲ್, ಅಂಜಾಂ ಮೈಲ್ ಕಳೆದು ಮುಂದೆ ಸಾಗಿದರೆ ವೆಳ್ಳಮುಂಡದ ಪೇಟೆ. ಅದಕ್ಕೆ ಜನರಿಟ್ಟ ಹೆಸರು ‘ಎಟ್ಟೇನಾಲ್’, ಅಂದರೆ ಎಂಟು ಮೈಲು ನಾಲ್ಕು ಫರ್ಲಾಂಗು. ಸುತ್ತ ಕಾಫಿ, ಅಡಿಕೆ, ಕರಿಮೆಣಸಿನ ತೋಟಗಳು. ಎದುರಿಗೆ ಎರಡು ಸಾವಿರ ಮೀಟರಿಗೂ ಎತ್ತರವಾದ ಬಾಣಾಸುರ ಬೆಟ್ಟ.

ಈ ಚೆಲುವೇ ಮೊಬೈಲ್ ಸಂಕೇತಕ್ಕೆ ತೊಡಕು. ರೇಡಿಯೋ ಅಲೆಗಳು ಗುಡ್ಡವನ್ನು ಹಾಯ್ದು ಹೋಗಲಾರವು. ಗುಡ್ಡದ ಮರೆಯ ಮನೆಗಳು ಚದುರಿಕೊಂಡಿರುವುದರಿಂದ ಪ್ರತಿಯೊಂದು ಕಣಿವೆಗೂ ಗೋಪುರ ನಿಲ್ಲಿಸುವುದು ಕಂಪನಿಗಳಿಗೆ ಗಿಟ್ಟುವುದಿಲ್ಲ.

ಇದರ ಬಿಸಿ 2020ರ ಜೂನ್ 1ರಂದು ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ ತಟ್ಟಿತು. ಮಲಯಾಳಂ ಮಾಧ್ಯಮದ ಮಕ್ಕಳಿಗೆ ವಿಕ್ಟರ್ಸ್ ವಾಹಿನಿಯಿತ್ತು, ಟಿ.ವಿ. ಇದ್ದರೆ ಸಾಕಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾದರೋ ಪಾಠ ಮುಖ್ಯವಾಗಿ ಯೂಟ್ಯೂಬಿನಲ್ಲಿ ಬಂತು. ಅಂತರ್ಜಾಲವಿಲ್ಲದ ಮನೆಗೆ ಸ್ವಂತ ಭಾಷೆಯ ಪಾಠವೇ ದುರ್ಲಭವಾಯಿತು. ಆದುದರಿಂದ ವಯನಾಡಿನ ಕಣಿವೆಯ ಕಷ್ಟ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರಲ್ಲಿಯೇ ಹೇಳಿತ್ತು.

2023ರ ಜೂನ್ 5ರಂದು ಉದ್ಘಾಟನೆಯಾದ ರಾಜ್ಯದ ಕೆ-ಫೋನ್ ಯೋಜನೆ ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ತಂತಿಯನ್ನು ಎಳೆಯಿತು. ವೇಗಕ್ಕೆ ಫೈಬರಿಗೆ ಸಾಟಿಯಿಲ್ಲ. ಆದರೆ ಕರ್ಕಾಟಕ ಮಾಸದ ಗಾಳಿಮಳೆಗೆ ಮರವೊಂದು ಉರುಳಿದರೆ ಕಂಬದೊಡನೆ ತಂತಿಯೂ ನೆಲ ಕಾಣುತ್ತದೆ.

ಉಪಗ್ರಹದ ಮಾತು ಬರುವುದು ಇಲ್ಲಿಯೇ. ಕೇರಳದ ಶಾಲೆಗಳಿಗೆ ಅದು ಹೊಸದಲ್ಲ. 2004ರಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್‌ನ ಆಸರೆಯಿಂದಲೇ ಮರುವರ್ಷ ವಿಕ್ಟರ್ಸ್ ಆರಂಭವಾಯಿತು. ಅಂಥ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಬೆಳಕಿನ ವೇಗದಲ್ಲಿ ಸಾಗಿದರೂ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಸಂದಿರುತ್ತದೆ. ಪಾಠ ಕೇಳುವುದಕ್ಕೆ ಅಡ್ಡಿಯಿಲ್ಲ, ಸಂವಾದಕ್ಕೆ ತೊಡಕು. ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್, ಒನ್‌ವೆಬ್‌ನವು 1,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. 550 ಕಿಲೋಮೀಟರಿನ ಹೋಗಿಬರುವ ಪಯಣಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಕಕ್ಷೆಗೇರಿಸಿದ್ದು ಶ್ರೀಹರಿಕೋಟೆಯಿಂದ ಹೊರಟ ನಮ್ಮದೇ ರಾಕೆಟ್. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದ ದೂರಸಂಪರ್ಕ ಪರವಾನಗಿ ದೊರೆಯಿತು.

ಹಾಗೆಂದು ಇದು ಸಂಜೀವಿನಿಯಲ್ಲ. ತಟ್ಟೆಗೆ ತೆರೆದ ಆಕಾಶ ಬೇಕು. ಅಡಿಕೆ ತೋಟದ ನಡುವಿನ ಮನೆಗೆ ಅದೇ ಅಪರೂಪ. ದಟ್ಟ ಮಳೆಯ ಹನಿಗಳು ಸಂಕೇತವನ್ನು ಹೀರುತ್ತವೆ. ವಿದ್ಯುತ್ತು ಹೋದರೆ ತಟ್ಟೆಯೂ ನಿದ್ರಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೂಲಿಯಿಂದ ಬದುಕುವ ಪಣಿಯ ಕುಟುಂಬಕ್ಕೆ ತಿಂಗಳ ಬಾಡಿಗೆ ನಿಲುಕೀತೇ ಎಂಬ ಪ್ರಶ್ನೆಯಿದೆ. ಮನೆಮನೆಗೆ ತಟ್ಟೆ ಬರುವ ಮುನ್ನ, ಕಣಿವೆಯ ಶಾಲೆಗೋ ವಾಚನಾಲಯಕ್ಕೋ ಒಂದು ಬಂದು, ಹತ್ತಾರು ಮಕ್ಕಳು ಅದನ್ನು ಹಂಚಿಕೊಳ್ಳುವುದು ಹೆಚ್ಚು ಸಾಧ್ಯವಾದ ದಾರಿ.

ಎಟ್ಟೇನಾಲಿನ ಜನ ದೂರವನ್ನು ಫರ್ಲಾಂಗಿನ ಲೆಕ್ಕದಲ್ಲಿ ಹೆಸರಾಗಿಸಿಕೊಂಡವರು. ಆಕಾಶದ 550 ಕಿಲೋಮೀಟರನ್ನು ಸಂಕೇತವು ಕಣ್ಣೆವೆಯಿಕ್ಕುವುದರೊಳಗೆ ಕ್ರಮಿಸುತ್ತದೆ. ಪೇಟೆಯಿಂದ ಗುಡ್ಡದಾಚೆಯ ಮನೆಗಿರುವ ನಾಲ್ಕು ಫರ್ಲಾಂಗು ಮಾತ್ರ ಇನ್ನೂ ಬಾಕಿಯಿದೆ.