ಕೆಂಪು ಲಾಟೀನಿನ ಕೆಳಗೆ ಎಂಟು ಕುರ್ಚಿ

ಟೋಕಿಯೊ ಎಂದರೆ ಮುಗಿಲು ಮುಟ್ಟುವ ಕಟ್ಟಡ, ನಿಯಾನ್ ದೀಪ, ಜನ ತುಂಬಿ ತುಳುಕುವ ರೈಲು ಎಂದುಕೊಂಡವರು ಯಾಮನೋತೆ ಮಾರ್ಗದ ಉಗುಯಿಸುದಾನಿ ನಿಲ್ದಾಣದಲ್ಲಿ ಇಳಿದು ನೆಗಿಶಿಯತ್ತ ಸ್ವಲ್ಪ ನಡೆಯಬೇಕು. ಹಾಯಿಕು ಕವಿ ಮಸಾವೊಕಾ ಶಿಕಿ 1902ರಲ್ಲಿ ತೀರಿಕೊಳ್ಳುವ ತನಕ ಬಾಳಿದ ಪೇಟೆ ಇದು. ಸೈಕಲ್ ಮಾತ್ರ ನುಸುಳಬಹುದಾದ ಓಣಿಗಳು, ಹೊಸ್ತಿಲ ಬಳಿ ಹೂಕುಂಡಗಳು. ಸಂಜೆಯಾದರೆ ಅಲ್ಲೊಂದು ಇಲ್ಲೊಂದು ಕೆಂಪು ಕಾಗದದ ಲಾಟೀನು. ಅದು ಬೆಳಗುತ್ತಿದೆ ಎಂದರೆ ಒಳಗೆ ಸಾಕೆ ಸಿಗುತ್ತದೆ.

ಇಂಥ ಅಂಗಡಿಗೆ ‘ಇಜಕಾಯ’ ಎನ್ನುತ್ತಾರೆ. ಮದ್ಯದಂಗಡಿಯಲ್ಲಿ ಕೊಂಡು ಅಲ್ಲೇ ಉಳಿದು ಕುಡಿಯುವ ರೂಢಿಯಿಂದ ಹುಟ್ಟಿದ ಹೆಸರು. ನಮ್ಮೂರಿನ ಗಡಂಗನ್ನು ನೆನೆದು ಮೂಗು ಮುರಿಯಬೇಡಿ. ಟೋಕಿಯೊದಲ್ಲಿ ನೆಲೆಸಿರುವ ಮೈಸೂರಿನ ಗೆಳೆಯ ನನ್ನನ್ನು ಕರೆದೊಯ್ದ ಅಂಗಡಿ ನಮ್ಮ ಅಡುಗೆಮನೆಯಷ್ಟೇ ಇತ್ತು: ಒಂದು ಮರದ ಕಟ್ಟೆ, ಎಂಟು ಕುರ್ಚಿ, ಬಾಗಿಲಿಗೆ ಮಾಸಿದ ನೀಲಿ ಪರದೆ. ಒಡತಿಗೆ ಎಪ್ಪತ್ತನಾಲ್ಕು ವರ್ಷ. ಅಡುಗೆ, ಬಡಿಸುವುದು, ಲೆಕ್ಕ ಎಲ್ಲ ಅವರದೇ. ಗಿರಾಕಿಗಳಿಗೆ ಅವರು ‘ಒಕಾಮಿ-ಸಾನ್’, ಅಂದರೆ ಯಜಮಾನಿ.

ಕೂತೊಡನೆ ಬಿಸಿ ಒದ್ದೆ ಟವೆಲು, ಹಿಂದೆಯೇ ಕೇಳದಿದ್ದರೂ ಒಂದು ಪುಟ್ಟ ತಿನಿಸು. ಅದರ ದುಡ್ಡು ಕೂತ ಜಾಗದ ಬಾಡಿಗೆ ಎಂದುಕೊಳ್ಳಬೇಕು. ಸಸ್ಯಾಹಾರಿಯ ಪಾಡು ಇಲ್ಲಿ ಸುಲಭವಲ್ಲ. ಸಾರಿನಲ್ಲೂ ಒಣಮೀನಿನ ರಸ. ಗೆಳೆಯ ಮೊದಲೇ ಹೇಳಿದ್ದರಿಂದ ಮೀನಿನ ಚೂರು ಉದುರಿಸದ ತಣ್ಣನೆಯ ತೋಫು, ಅಕ್ಕಿ ತೌಡಿನಲ್ಲಿ ಹುದುಗಿಸಿದ ಸೌತೆಕಾಯಿ, ಉಪ್ಪುನೀರಲ್ಲಿ ಬೇಯಿಸಿದ ಎಳೆ ಸೋಯಾ ಕಾಯಿ ಬಂದವು. ಕಾಯಿ ಒತ್ತಿದರೆ ಕಾಳು ಬಾಯಿಗೇ ಹಾರುತ್ತದೆ. ಸೊಗಡವರೆ ತಿಂದು ಬೆಳೆದವರಿಗೆ ಇದೇನೂ ಹೊಸತಲ್ಲ.

ಸಾಕೆ ಭಟ್ಟಿ ಇಳಿಸಿದ ಸಾರಾಯಿಯಲ್ಲ. ಬೇಯಿಸಿದ ಅಕ್ಕಿಯ ಮೇಲೆ ‘ಕೋಜಿ’ ಎಂಬ ಬೂಷ್ಟು ಬೆಳೆಸುತ್ತಾರೆ. ಅದು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುತ್ತಿದ್ದಂತೆ ಅದೇ ಕೊಪ್ಪರಿಗೆಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಸಾಮಾನ್ಯವಾಗಿ ಶೇ 15ರಷ್ಟು ಅಮಲು. ಒಂದು ‘ಗೋ’ ಅಳತೆ ಎಂದರೆ 180 ಮಿಲಿಲೀಟರು. ಒಡತಿ ಅದನ್ನು ಪಿಂಗಾಣಿ ಹೂಜಿಗೆ ಸುರಿದು ಬಿಸಿನೀರಲ್ಲಿ ಇಳಿಸಿಟ್ಟರು. ಥರ್ಮಾಮೀಟರಿಲ್ಲ, ಹೂಜಿಯ ತಳವನ್ನು ಬೆರಳಿಂದ ಮುಟ್ಟಿ ಹದ ನೋಡುತ್ತಾರೆ. ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವ ಪದ್ಧತಿ ಇಲ್ಲಿಲ್ಲ, ಪಕ್ಕದವರು ಸುರಿಯಬೇಕು. ಅಪರಿಚಿತರ ನಡುವೆ ಮಾತು ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ನನಗೆ ಸುರಿದವರು ಪಕ್ಕದ ಕುರ್ಚಿಯ ಅಜ್ಜ. ಚಾಪೆ ಹೆಣೆಯುವ ಕಸುಬಿನಿಂದ ನಿವೃತ್ತರು, ಹೆಂಡತಿ ಇಲ್ಲ. ಏಳು ಗಂಟೆಗೆ ಬಾರದಿದ್ದರೆ ಒಡತಿ ಫೋನ್ ಮಾಡುತ್ತಾರಂತೆ. “ಈ ಅಂಗಡಿ ಮುಚ್ಚಿದರೆ ಟೀವಿಯೊಡನೆ ಮಾತಾಡಬೇಕಷ್ಟೆ” ಎಂದರು, ಗೆಳೆಯ ಕನ್ನಡಕ್ಕೆ ತಂದಂತೆ.

ಮುಚ್ಚುವ ಮಾತು ಸುಳ್ಳಲ್ಲ. 1970ರ ದಶಕದಲ್ಲಿ ಜಪಾನಿಗರು ಕುಡಿಯುತ್ತಿದ್ದ ಸಾಕೆಯ ಕಾಲು ಪಾಲಿನಷ್ಟೂ ಈಗ ಖರ್ಚಾಗುವುದು ಕಷ್ಟ. 2024ರಲ್ಲಿ ಯುನೆಸ್ಕೊ ಕೋಜಿ ಬಳಸಿ ಮದ್ಯ ತಯಾರಿಸುವ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ವಿದ್ಯೆ. ಕುಡಿಯುವವರನ್ನು ಸೇರಿಸಲು ಬಾರದು. ಇದೇ ಸೀಮೆಯಲ್ಲಿದ್ದ ‘ಕಗಿಯಾ’ ಎಂಬ ಸಾಕೆ ಅಂಗಡಿಯ 1856ರ ಕಟ್ಟಡವನ್ನು ಬಿಚ್ಚಿ ಒಯ್ದು, ಕೊಗಾನೆಯ ಬಯಲು ವಸ್ತುಸಂಗ್ರಹಾಲಯದಲ್ಲಿ 1970ರ ಸುಮಾರಿಗೆ ಇದ್ದ ಹಾಗೆ ಮತ್ತೆ ನಿಲ್ಲಿಸಿದ್ದಾರೆ. ಹಿಂದಿನ ದಿನ ನೋಡಿ ಬಂದಿದ್ದೆ. ಕಟ್ಟೆ, ಹೂಜಿ, ಸೀಸೆ ಎಲ್ಲ ಇವೆ, ಬಿಸಿ ಸಾಕೆಯ ವಾಸನೆಯೊಂದಿಲ್ಲ.

ಒಡತಿಯ ಮಗ ಒಸಾಕಾದಲ್ಲಿ ಬ್ಯಾಂಕ್ ನೌಕರ. ಬರುವುದಿಲ್ಲ ಎಂದಿದ್ದಾನೆ. “ಕಾಲು ನಿಲ್ಲುವಷ್ಟು ದಿನ” ಎಂದು ಅವರು ತೋಫು ಕತ್ತರಿಸಿದರು. ಅವರ ಬೆನ್ನ ಹಿಂದಿನ ಹಲಗೆಯಲ್ಲಿ ಕಾಯಂ ಗಿರಾಕಿಗಳ ಬಟ್ಟಲುಗಳಿದ್ದವು, ಎಣಿಸಿದರೆ ಇಪ್ಪತ್ತಮೂರು. ಈಗ ಬರುವವರು ಒಂಬತ್ತೇ ಮಂದಿ. ಉಳಿದವನ್ನೂ ವಾರಕ್ಕೊಮ್ಮೆ ತೊಳೆದಿಡುತ್ತಾರೆ.

ಒಂಬತ್ತೂವರೆಗೆ ಅವರು ಪರದೆಯನ್ನು ಒಳಗೆ ತಂದರು. ಅಜ್ಜ ಯಾರೂ ಹೇಳದೆ ಎದ್ದು ಖಾಲಿ ಸೀಸೆಗಳ ಕ್ರೇಟನ್ನು ಹಿಂಬಾಗಿಲಿಗೆ ಸಾಗಿಸಿದರು.